ನಿದ್ದೆಗೆಟ್ಟ ತಂದೆ ಮತ್ತು ಕನಸು ಕಂಡ ಜೋಸೆಫರು

ದಿನಕ್ಕೆ ನೂರು ಬಾರಿಯಾದರೂ ಜನರು ನಮ್ಮನ್ನು 'ಫಾದರ್' ಎಂದು ಕರೆಯುತ್ತಾರೆ. ಮೂರು ವರ್ಷದ ಮಗುವೂ ಕರೆಯುತ್ತದೆ, ತೊಂಬತ್ತು ದಾಟಿದ ಅಜ್ಜನೂ ಕರೆಯುತ್ತಾರೆ. ಗುರುದೀಕ್ಷೆ ಪಡೆದ ದಿನದಿಂದ ಈ ಬಿರುದನ್ನು ಹೊತ್ತು ತಿರುಗುತ್ತಿರುವ ನಮ್ಮನ್ನು ಈವರೆಗೆ ಯಾವ ಮಗುವೂ ನಡುರಾತ್ರಿ ಎರಡು ಗಂಟೆಗೆ ಎಬ್ಬಿಸಿ, ಕಾರಣ ಹೇಳದೆ ಒಂದೂವರೆ ಗಂಟೆ ಅತ್ತದ್ದಿಲ್ಲ. ಹೀಗಿರುವಾಗ ತಂದೆತನದ ಬಗ್ಗೆ ಬರೆಯಲು ನಿಮಗೇನು ಅಧಿಕಾರ ಎಂದು ಓದುಗರು ಕೇಳಿದರೆ ಅದರಲ್ಲಿ ತಪ್ಪಿಲ್ಲ. ನಮ್ಮ ಸಮರ್ಥನೆಗೆ ತತ್ವಶಾಸ್ತ್ರದಲ್ಲಿ ತುಸು ಆಸರೆಯುಂಟು. ಜೀವನಪರ್ಯಂತ ಅವಿವಾಹಿತನಾಗಿ ಉಳಿದ ಜರ್ಮನ್ ತತ್ವಜ್ಞಾನಿ ಕಾಂಟ್ ಮಕ್ಕಳ ಶಿಕ್ಷಣದ ಕುರಿತು ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸಗಳನ್ನೇ ನೀಡಿದನು. ಅವು 1803ರಲ್ಲಿ ಪುಸ್ತಕವಾಗಿಯೂ ಹೊರಬಂದವು. ಮಕ್ಕಳನ್ನು ಬೆಳೆಸುವ ವಿಧಾನದ ಬಗ್ಗೆ 1762ರಲ್ಲಿ 'ಎಮಿಲ್' ಎಂಬ ಜಗತ್ಪ್ರಸಿದ್ಧ ಗ್ರಂಥ ಬರೆದ ರೂಸೋ ಮಹಾಶಯನಾದರೋ ತನ್ನ ಸ್ವಂತ ಮಕ್ಕಳನ್ನು ಪ್ಯಾರಿಸ್ಸಿನ ಅನಾಥಾಲಯಕ್ಕೆ ಒಪ್ಪಿಸಿದ್ದನು. ಇವರಿಬ್ಬರಲ್ಲಿ ಒಬ್ಬರ ಪಕ್ಕದಲ್ಲಿ ಕುಳಿತುಕೊಳ್ಳಲೇಬೇಕೆಂದಾದರೆ ನಾವು ಕಾಂಟನ ಪಕ್ಕದಲ್ಲಿ ಕುಳಿತುಕೊಳ್ಳುತ್ತೇವೆ.

ಈ ಬರಹಕ್ಕೆ ಕಾರಣವಾದದ್ದು ಒಂದು ಗೊರಕೆ. ನಮ್ಮ ಧರ್ಮಕೇಂದ್ರದಲ್ಲಿ ಜ್ಞಾನಸ್ನಾನಕ್ಕೆ ಮೊದಲು ಮಗುವಿನ ತಂದೆತಾಯಿಗಳಿಗೂ ಧರ್ಮಪಿತ, ಧರ್ಮಮಾತೆಯರಿಗೂ ಶನಿವಾರ ಸಂಜೆ ಒಂದು ಸಿದ್ಧತಾ ತರಗತಿಯನ್ನು ನಡೆಸುವುದುಂಟು. ಅಂದು ನಾವು ಮೂಲಪಾಪದ ವಿಷಯವನ್ನು ನಮ್ಮ ಮಟ್ಟಿಗೆ ಸ್ವಾರಸ್ಯಕರವಾಗಿಯೇ ವಿವರಿಸುತ್ತಿದ್ದಾಗ ಎರಡನೆಯ ಬೆಂಚಿನಿಂದ ಗೊರಕೆಯ ಸದ್ದು ಕೇಳಿಬಂತು. ಮೂವತ್ತರ ಆಸುಪಾಸಿನ ಯುವಕ. ಗೋಡೆಗೆ ತಲೆಯಾನಿಸಿ ಬಾಯಿ ತೆರೆದು ನಿದ್ರಿಸುತ್ತಿದ್ದನು. ಹೆಂಡತಿ ತಿವಿದಳು, ತಾಯಿ ಕೆಮ್ಮಿದರು, ನಾವು ಸುಮ್ಮನಾದೆವು. ಆ ನಿಶ್ಶಬ್ದಕ್ಕೆ ಆತನಿಗೆ ಎಚ್ಚರವಾಯಿತು.

"ಕ್ಷಮಿಸಬೇಕು ಫಾದರ್" ಎಂದನು ಎದ್ದು ನಿಂತು. "ನಲವತ್ತೆರಡು ದಿನಗಳಿಂದ ಒಟ್ಟಿಗೆ ಮೂರು ಗಂಟೆ ನಿದ್ದೆ ಮಾಡಿದ್ದಿಲ್ಲ. ನಿಮ್ಮ ಸ್ವರ ಕೇಳಿದ ಕೂಡಲೇ ಕಣ್ಣು ಮುಚ್ಚಿಹೋಯಿತು. ಅಡ್ಡಿಯಿಲ್ಲವಾದರೆ ಈ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೇ? ಮಗುವಿಗೂ ಪರಿಣಾಮವಾದೀತು."

ಬೆಂಚುಗಳಲ್ಲಿ ಎದ್ದ ನಗೆಯನ್ನು ತಡೆಯುವುದು ನಮ್ಮಿಂದಾಗಲಿಲ್ಲ. ನಿಜ ಹೇಳಬೇಕೆಂದರೆ ನಾವೂ ನಕ್ಕೆವು. ಮೂಲಪಾಪವನ್ನು ಅಲ್ಲಿಗೇ ಬದಿಗಿಟ್ಟು ಆತನ ಕಥೆಯನ್ನು ಕೇಳಿದೆವು.

ಆತ ಕುವೈತಿನಲ್ಲಿ ದುಡಿಯುವ ಇಂಜಿನಿಯರು. ಸಂಬಳದ ರಜೆ ಒಂದು ತಿಂಗಳು, ಸಂಬಳವಿಲ್ಲದ ರಜೆ ಇನ್ನೊಂದು ತಿಂಗಳು ಹೊಂದಿಸಿಕೊಂಡು ಊರಿಗೆ ಬಂದಿದ್ದನು. ನಮ್ಮ ಕಡೆಯ ವಾಡಿಕೆಯಂತೆ ಚೊಚ್ಚಲ ಹೆರಿಗೆಯೂ ಬಾಣಂತನವೂ ಹೆಣ್ಣಿನ ತವರಿನಲ್ಲಿ ನಡೆಯಬೇಕು. ಆದರೆ ಆತನ ಅತ್ತೆಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿ ಅವರೇ ಹಾಸಿಗೆಯಲ್ಲಿದ್ದುದರಿಂದ ಬಾಣಂತನ ಗಂಡನ ಮನೆಯಲ್ಲಿಯೇ ಆಯಿತು. ಹೀಗೆ ಒಬ್ಬ ಮುದುಕಿಯ ಸೊಂಟನೋವಿನ ದೆಸೆಯಿಂದ, ನಮ್ಮ ಸಮಾಜದ ಹೆಚ್ಚಿನ ಗಂಡಸರಿಗೆ ಪ್ರಾಪ್ತವಾಗದ ಒಂದು ಭಾಗ್ಯ ಈತನಿಗೆ ಪ್ರಾಪ್ತವಾಯಿತು: ತನ್ನ ಮಗು ಹುಟ್ಟಿದ ದಿನದಿಂದ ಅದರೊಡನೆ ಒಂದೇ ಸೂರಿನಡಿ ಇರುವ ಭಾಗ್ಯ.

ಇಂಜಿನಿಯರಾದುದರಿಂದ ಮೊದಲ ವಾರವೇ ಆತ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕವನ್ನು ಸಿದ್ಧಪಡಿಸಿದನಂತೆ. ಮಗು ಹಾಲು ಕುಡಿದ ವೇಳೆ, ಮಲಗಿದ ವೇಳೆ, ಒದ್ದೆ ಮಾಡಿದ ವೇಳೆ ಎಲ್ಲವನ್ನೂ ಬರೆದಿಟ್ಟು ಹತ್ತು ದಿನಗಳಲ್ಲಿ ಒಂದು ನಿಯಮವನ್ನು ಕಂಡುಹಿಡಿದನು. ಹನ್ನೊಂದನೆಯ ದಿನ ಮಗು ಆ ನಿಯಮವನ್ನು ಮುರಿಯಿತು. ಹೊಸ ನಿಯಮ ಮಾಡಿದನು, ಅದನ್ನೂ ಮುರಿಯಿತು. ನೆನ್ನೆಯವರೆಗೆ ನಡೆದದ್ದು ನಾಳೆಯೂ ನಡೆಯುವುದೆಂದು ತರ್ಕದಿಂದ ಸಾಧಿಸಲಾಗದು ಎಂದು ಹದಿನೆಂಟನೆಯ ಶತಮಾನದಲ್ಲಿ ಡೇವಿಡ್ ಹ್ಯೂಮ್ ವಾದಿಸಿದ್ದನ್ನು ನಾವು ಸೆಮಿನರಿಯಲ್ಲಿ ಒಂದು ಇಡೀ ಅವಧಿ ಕುಳಿತು ಕಲಿತಿದ್ದೆವು. ಈ ಯುವಕ ಅದನ್ನು ತೊಟ್ಟಿಲಿನ ಪಕ್ಕದಲ್ಲಿ ಹನ್ನೊಂದು ದಿನಗಳಲ್ಲಿ ಕಲಿತನು, ಅದೂ ಪರೀಕ್ಷೆಯಿಲ್ಲದೆ.

ಮನೆಯೊಳಗೆ ಎರಡು ಪಕ್ಷಗಳು. ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ಒಂದು ತೊಟ್ಟು ನೀರೂ ಬೇಡವೆಂದು ವೈದ್ಯರು ಹೇಳಿದ್ದಾರೆಂದು ಹೆಂಡತಿ. ಬಜೆ ತೇಯ್ದು ನಾಲಗೆಗೆ ಹಚ್ಚದೆ ಬೆಳೆದ ಮಗು ಈ ವಂಶದಲ್ಲಿಯೇ ಇಲ್ಲ, "ನೀನೂ ಅದನ್ನೇ ನೆಕ್ಕಿ ಇಂಜಿನಿಯರಾದದ್ದು" ಎಂದು ತಾಯಿ. ಇಬ್ಬರ ಮಧ್ಯೆ ಈತ. ಕೊನೆಗೆ ಬಜೆಯ ತುಂಡನ್ನು ದಾರದಲ್ಲಿ ಕಟ್ಟಿ ತೊಟ್ಟಿಲಿನ ಕಾಲಿಗೆ ತೂಗುಹಾಕುವುದೆಂದೂ ಮಗುವಿನ ಬಾಯಿಗೆ ಹಾಕಬಾರದೆಂದೂ ಒಪ್ಪಂದವಾಯಿತಂತೆ. ಧರ್ಮಸಭೆಯ ಮಹಾಸಭೆಗಳಲ್ಲಿಯೂ ಎಷ್ಟೋ ಸಲ ಇದಕ್ಕಿಂತ ಉತ್ತಮವಾದ ರಾಜಿ ಆದದ್ದಿಲ್ಲ. ವೈದ್ಯರ ಮಾತೇ ಸರಿಯೆಂಬುದು ನಮ್ಮ ಅಭಿಪ್ರಾಯ. ಅದನ್ನು ಆತನ ತಾಯಿಯ ಮುಂದೆ ಅಂದು ಹೇಳುವ ಧೈರ್ಯ ನಮಗಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮಗುವನ್ನು ಮೀಯಿಸಲು ಬರುತ್ತಿದ್ದ ಹೆಂಗಸು ಒಂದು ದಿನ ಬರಲಿಲ್ಲ. ತಾಯಿಗೆ ಮೊಣಕಾಲು ನೋವು, ಹೆಂಡತಿಗೆ ಇನ್ನೂ ಹೊಲಿಗೆಯ ನೋವು. ಈತನೇ ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು, ಕಾಲು ನೀಡಿ, ಅದರ ಮೇಲೆ ಮಗುವನ್ನು ಮಲಗಿಸಿಕೊಂಡನು. "ಎಣ್ಣೆ ಹಚ್ಚಿದ ಮಗು ಆಗ ತಾನೇ ಬಲೆಯಿಂದ ತೆಗೆದ ಬಂಗುಡೆಯ ಹಾಗೆ ಫಾದರ್. ಕೋಟಿ ರೂಪಾಯಿಯ ಯಂತ್ರವನ್ನು ಕ್ರೇನಿನಿಂದ ಇಳಿಸಿದ್ದೇನೆ, ಕೈ ನಡುಗಿದ್ದಿಲ್ಲ. ಅವತ್ತು ನಡುಗಿತು" ಎಂದನು. ಮೂರು ಕಿಲೋ ಎಂಟುನೂರು ಗ್ರಾಂ ತೂಕದ ಆ ಜೀವ ಅಷ್ಟು ಹೊತ್ತೂ ಅವನ ಮುಖವನ್ನೇ ನೋಡುತ್ತಿತ್ತಂತೆ. ಮರುದಿನ ಆ ಹೆಂಗಸು ಬಂದಾಗ, ನೀವು ನೀರು ಕಾಯಿಸಿ ಕೊಟ್ಟರೆ ಸಾಕು ಎಂದನು.

ಇನ್ನೊಂದನ್ನು ಹೇಳದಿರಲಾಗದು. ಆ ಮನೆಯಲ್ಲಿ ಟಿ.ವಿ. ಧಾರಾವಾಹಿಗಳು ಬಂದ ಮೇಲೆ ಸಂಜೆಯ ಜಪಸರ ನಿಂತುಹೋಗಿತ್ತು. ಒಂದು ರಾತ್ರಿ ಮಗುವಿನ ಅಳು ಯಾವ ಉಪಾಯಕ್ಕೂ ನಿಲ್ಲದಿದ್ದಾಗ ಅಜ್ಜ ಹತಾಶರಾಗಿ ಜಪಸರ ಆರಂಭಿಸಿದರು. ಮೂರನೆಯ ರಹಸ್ಯಕ್ಕೆ ಮಗು ನಿದ್ದೆ ಹೋಯಿತು. ಐದು ರಹಸ್ಯ ಮುಗಿಸಿ ನಿಲ್ಲಿಸಿದರು, ಮಗು ಎಚ್ಚೆತ್ತಿತು. ಪುನಃ ಆರಂಭಿಸಿದರು. ಈಗ ಪ್ರತಿರಾತ್ರಿ ಎಂಟು ಗಂಟೆಗೆ ಇಡೀ ಮನೆಮಂದಿ ಕುಳಿತು ಜಪಿಸುತ್ತಾರೆ. ದೇವಮಾತೆಯ ಸ್ತುತಿಮಾಲೆಯನ್ನೂ ಬಿಡುವುದಿಲ್ಲ. ಇಪ್ಪತ್ತೈದು ವರ್ಷಗಳ ಪ್ರವಚನದಿಂದ ನಾವು ಸಾಧಿಸಲಾರದೆ ಹೋದದ್ದನ್ನು ಆರು ವಾರದ ಕೂಸು ಅತ್ತು ಸಾಧಿಸಿತು.

ಇಷ್ಟು ನಗೆಯ ನಡುವೆ ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ತಂದೆ ನಗಲಿಲ್ಲ. ಪೇಟೆಯಲ್ಲಿ ಸಣ್ಣ ಅಂಗಡಿ ನಡೆಸುವ ಯುವಕ. ಮಗುವಿಗೆ ಐದು ತಿಂಗಳಾಗಿದೆ. ತವರುಮನೆ ಬೇರೆ ತಾಲೂಕಿನಲ್ಲಿ. ಭಾನುವಾರ ಮಾತ್ರ ಅಂಗಡಿಗೆ ಬಿಡುವು. ಹೋದಾಗಲೆಲ್ಲ ಅಳಿಯನಿಗೆ ಸಲ್ಲಬೇಕಾದ ಮರ್ಯಾದೆಗೆ ಕೊರತೆಯಿಲ್ಲ. ಕೋರಿ ರೊಟ್ಟಿಯೂ ಇದೆ, ಮಾವನವರ ಪಕ್ಕದಲ್ಲಿ ಕುರ್ಚಿಯೂ ಇದೆ. ಮಗುವನ್ನು ಹಬ್ಬದ ದಿನ ಪ್ರತಿಮೆಯನ್ನು ಹೊರತಂದಂತೆ ತಂದು ತೋರಿಸಿ, ಹತ್ತು ನಿಮಿಷದಲ್ಲಿ ಒಳಗೆ ಕೊಂಡೊಯ್ಯುತ್ತಾರೆ. ನೀವೇನೂ ಹೇಳಲಿಲ್ಲವಲ್ಲ ಎಂದು ನಾವು ಕೇಳಿದ್ದಕ್ಕೆ ಆತ, "ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ ಫಾದರ್. ನಾನು ಎತ್ತಿಕೊಂಡರೆ ಅಳುತ್ತದೆ. ಆದ್ದರಿಂದ ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದೇನೆ" ಎಂದನು.

ಆ ರಾತ್ರಿ ಊಟದ ಮೇಜಿನಲ್ಲಿ ಒಬ್ಬರೇ ಕುಳಿತಿದ್ದಾಗ ಈ ಮಾತು ನಮ್ಮನ್ನು ಬಿಡಲಿಲ್ಲ.

ಬಾಣಂತನದ ಪದ್ಧತಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅತ್ತೆಯ ಮನೆಯ ಗೇಯ್ಮೆಯಿಂದ ಹೆಣ್ಣಿಗೆ ಕೆಲವು ತಿಂಗಳಾದರೂ ಬಿಡುಗಡೆ ಸಿಗಲಿ, ಹೆತ್ತ ತಾಯಿಯ ಕೈಯ ಬಿಸಿನೀರು ಬೆನ್ನಿಗೆ ಬೀಳಲಿ ಎಂಬ ಕರುಣೆಯಿಂದ ಹುಟ್ಟಿದ ಪದ್ಧತಿ ಅದು. ಅದನ್ನು ರೂಪಿಸಿದ ಹಿರಿಯರಿಗೆ ಹೆಣ್ಣಿನ ಕಷ್ಟ ಗೊತ್ತಿತ್ತು. ಆದರೆ ತಂದೆಗೂ ಆ ತಿಂಗಳುಗಳಲ್ಲಿ ಏನೋ ಆಗಬೇಕಾಗಿದೆ ಎಂಬುದು ಅವರ ಲೆಕ್ಕದಲ್ಲಿರಲಿಲ್ಲ. ಹೆತ್ತವರು ಮಗುವನ್ನು ಅದು ಹುಟ್ಟಿದ ಕ್ಷಣದಿಂದಲೇ ಪ್ರೀತಿಸುತ್ತಾರೆ, ಮಗು ಹೆತ್ತವರನ್ನು ಪ್ರೀತಿಸತೊಡಗುವುದು ಕಾಲ ಸರಿದು ತಿಳಿವಳಿಕೆ ಮೂಡಿದ ಮೇಲೆ ಎಂದು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಸ್ನೇಹದ ಪ್ರಸ್ತಾಪ ಬಂದಾಗ ಹೇಳುತ್ತಾನೆ. ಅಂದರೆ ಆರಂಭದಲ್ಲಿ ಕೊಡುವವನು ದೊಡ್ಡವನೇ. ಎತ್ತಿಕೊಂಡರೆ ಅಳುತ್ತದೆಂದು ಎತ್ತಿಕೊಳ್ಳುವುದನ್ನು ಬಿಟ್ಟವನು, ಸಾಲ ಕೊಡದೆಯೇ ಬಡ್ಡಿ ಬರಲಿಲ್ಲವೆಂದು ಅಂಗಡಿ ಮುಚ್ಚಿದ ವ್ಯಾಪಾರಿಯಂತೆ. ಈ ಹೋಲಿಕೆ ಆ ಅಂಗಡಿಯವನಿಗೆ ತಿಳಿದೀತು.

ಇಪ್ಪತ್ತನೆಯ ಶತಮಾನದ ಫ್ರೆಂಚ್ ಕಥೋಲಿಕ ತತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ ತಂದೆತನದ ಬಗ್ಗೆ ಒಂದು ದೀರ್ಘ ಪ್ರಬಂಧ ಬರೆದಿದ್ದಾನೆ. ತಂದೆತನ ಕೇವಲ ಶರೀರದ ಸಂಗತಿಯಲ್ಲ, ಅದೊಂದು ಪ್ರತಿಜ್ಞೆ ಎಂಬುದು ಅದರ ತಿರುಳು. ಮಾರ್ಸೆಲನು ತಾನೇ ಒಬ್ಬ ದತ್ತುಪುತ್ರನ ತಂದೆಯಾಗಿದ್ದನೆಂಬುದನ್ನು ಅರಿತು ಓದಿದರೆ ಆ ಪ್ರಬಂಧದ ತೂಕ ಬೇರೆಯೇ ಆಗುತ್ತದೆ.

ಆದರೆ ನಾವು ತತ್ವಜ್ಞಾನಿಗಳಲ್ಲಿಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಶುಭಸಂದೇಶದ ಮೊದಲ ಪುಟಗಳಲ್ಲಿಯೇ ಇಬ್ಬರು ಹೊಸ ತಂದೆಯರಿದ್ದಾರೆ. ಒಬ್ಬರು ಸ್ನಾನಿಕ ಯೊವಾನ್ನರ ತಂದೆ ಜೆಕರೀಯ. ಮಗನು ಹುಟ್ಟುವನೆಂಬ ವಾರ್ತೆಯನ್ನು ನಂಬದೆ ದೇವದೂತನಿಗೇ ಪ್ರಶ್ನೆ ಹಾಕಿ, ಮಗು ಹುಟ್ಟಿ ಹೆಸರಿಡುವವರೆಗೂ ಮೂಕರಾಗಿ ಉಳಿದರು. ಮನೆಯಲ್ಲಿ ಬಾಣಂತನ ನಡೆಯುವಾಗ ಗಂಡಸಿನ ಮಾತಿಗೆ ಎಷ್ಟು ಬೆಲೆಯೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲವೆಂದು ನಮ್ಮ ಕುವೈತಿನ ಇಂಜಿನಿಯರು ಹೇಳಬಹುದು. ಇನ್ನೊಬ್ಬರು ಸಂತ ಜೋಸೆಫರು. ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಆದರೂ ನಾಲ್ಕು ಶುಭಸಂದೇಶಗಳಲ್ಲಿ ಅವರ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ.

ಮತ್ತಾಯನ ಶುಭಸಂದೇಶದಲ್ಲಿ ಜೋಸೆಫರಿಗೆ ನಾಲ್ಕು ಸಲ ಕನಸಿನಲ್ಲಿ ಅಪ್ಪಣೆಯಾಗುತ್ತದೆ. ಮರಿಯಳನ್ನು ಮನೆಗೆ ಕರೆದುಕೊಳ್ಳಲು, ಈಜಿಪ್ಟಿಗೆ ಓಡಿಹೋಗಲು, ಹಿಂತಿರುಗಲು, ಜುದೇಯವನ್ನು ಬಿಟ್ಟು ಗಲಿಲೇಯಕ್ಕೆ ತೆರಳಲು. ದೇವರು ಅವರೊಡನೆ ಮಾತಾಡಲು ಆರಿಸಿಕೊಂಡ ವೇಳೆ ನಿದ್ದೆಯದು. ನಮ್ಮ ಯುವಕನಿಗೆ ನಿದ್ದೆಯೇ ಇಲ್ಲದಿರುವಾಗ ದೇವದೂತನು ಬರುವುದಾದರೂ ಹೇಗೆ ಎಂದು ನಾವು ಮೊದಲು ತಮಾಷೆಗೆ ಯೋಚಿಸಿದೆವು. ಮತ್ತೆ ಪುಟ ತೆರೆದು ಓದಿದಾಗ ಕಂಡದ್ದು ಬೇರೆ. ಕನಸು ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಅದರ ನಂತರ ಬರುವುದು ಎದ್ದರು ಎಂಬ ಕ್ರಿಯಾಪದ. ಈಜಿಪ್ಟಿಗೆ ಹೊರಟದ್ದು ಬೆಳಗಾದ ಮೇಲಲ್ಲ, ರಾತ್ರಿಯೇ. ನಡುರಾತ್ರಿ ಕತ್ತಲಲ್ಲಿ ಎದ್ದು ಮಗುವನ್ನು ಎತ್ತಿಕೊಂಡ ಗಂಡಸು ಅವರು. ಆ ಮಗು ಅಳಲಿಲ್ಲವೆಂದು ಎಲ್ಲಿಯೂ ಬರೆದಿಲ್ಲ.

ದಿವಂಗತ ಪೋಪ್ ಫ್ರಾನ್ಸಿಸರ ಮೇಜಿನ ಮೇಲೆ ನಿದ್ರಿಸುತ್ತಿರುವ ಸಂತ ಜೋಸೆಫರ ಒಂದು ಚಿಕ್ಕ ಪ್ರತಿಮೆ ಇತ್ತು. ಕಠಿಣ ಸಮಸ್ಯೆ ಬಂದಾಗ ಅದನ್ನು ಚೀಟಿಯಲ್ಲಿ ಬರೆದು ಪ್ರತಿಮೆಯ ಅಡಿಯಲ್ಲಿ ಇಡುತ್ತಿದ್ದುದಾಗಿ 2015ರ ಜನವರಿಯಲ್ಲಿ ಮನಿಲಾದಲ್ಲಿ ನೆರೆದ ಕುಟುಂಬಗಳಿಗೆ ಅವರೇ ತಿಳಿಸಿದ್ದರು. ಒಂಬತ್ತನೆಯ ಪಿಯುಸ್ ಅವರು 1870ರಲ್ಲಿ ಸಂತ ಜೋಸೆಫರನ್ನು ಇಡೀ ಧರ್ಮಸಭೆಯ ಪಾಲಕರೆಂದು ಘೋಷಿಸಿ ನೂರೈವತ್ತು ವರ್ಷಗಳಾದಾಗ, 2020ರ ಡಿಸೆಂಬರ್ 8ರಂದು, ಇದೇ ಪೋಪರು ಜೋಸೆಫರ ತಂದೆತನದ ಬಗ್ಗೆ ಒಂದು ಪ್ರೇಷಿತ ಪತ್ರವನ್ನೂ ಬರೆದರು. ಜೋಸೆಫರ ವರ್ಷವೆಂದು ನಾವೆಲ್ಲ ಭಕ್ತಿಯಿಂದ ಆಚರಿಸಿದೆವು, ನೊವೆನಾ ಮಾಡಿದೆವು, ಬ್ಯಾನರು ಕಟ್ಟಿದೆವು. ಆ ವರ್ಷ ನಮ್ಮ ಧರ್ಮಕೇಂದ್ರದ ಹೊಸ ತಂದೆಯರನ್ನು ಒಮ್ಮೆಯಾದರೂ ಒಂದೆಡೆ ಸೇರಿಸಿ ಹೇಗಿದ್ದೀರೆಂದು ಕೇಳಲಿಲ್ಲ. ಇದು ನಮ್ಮದೇ ತಪ್ಪು. ಬೇರೆ ಯಾರ ಮೇಲೂ ಹೊರಿಸುವಂಥದ್ದಲ್ಲ.

ಜ್ಞಾನಸ್ನಾನದ ವಿಧಿಯಲ್ಲಿಯಾದರೋ ತಂದೆಗೆ ಸ್ಥಾನವಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ 1969ರಲ್ಲಿ ಬಂದ ಹೊಸ ವಿಧಿ ತಂದೆತಾಯಿಗಳನ್ನು ಮುಂದಕ್ಕೆ ತಂದಿತು. ಅದಕ್ಕೆ ಮೊದಲು ಮಗುವಿನ ಪರವಾಗಿ ಉತ್ತರ ಕೊಡುತ್ತಿದ್ದವರು ಧರ್ಮಪಿತ, ಧರ್ಮಮಾತೆಯರು. ಈಗ ಮಗುವಿಗೆ ಯಾವ ಹೆಸರಿಡುವಿರಿ ಎಂಬ ಪ್ರಶ್ನೆ ತಂದೆತಾಯಿಗಳಿಗೆ. ಗುರುಗಳ ಬಳಿಕ ಮಗುವಿನ ಹಣೆಗೆ ಶಿಲುಬೆಯ ಗುರುತು ಹಾಕುವವರು ಅವರು. ಪಾಸ್ಖದ ದೀಪದಿಂದ ಮಗುವಿನ ಮೋಂಬತ್ತಿಯನ್ನು ತಂದೆ ಹೊತ್ತಿಸಬಹುದು. ಕೊನೆಯಲ್ಲಿ ತಾಯಿಗೊಂದು, ತಂದೆಗೊಂದು ಪ್ರತ್ಯೇಕ ಆಶೀರ್ವಾದವಿದೆ. ನೀರು ಹೊಯ್ಯುವಾಗ ಮಗುವನ್ನು ಹಿಡಿದುಕೊಳ್ಳುವವರು ತಾಯಿ ಅಥವಾ ತಂದೆ ಎಂದೇ ವಿಧಿ ಹೇಳುತ್ತದೆ. ಧರ್ಮಮಾತೆ ಹಿಡಿದುಕೊಳ್ಳುವ ವಾಡಿಕೆ ಇದ್ದಲ್ಲಿ ಅದಕ್ಕೂ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಆ ಅವಕಾಶವೇ ನಿಯಮವಾಗಿ ಬಿಟ್ಟಿದೆ. ಮಗು ಧರ್ಮಮಾತೆಯ ಕೈಯಲ್ಲಿ. ತಾಯಿ ಸೀರೆಯ ನೆರಿಗೆ ಸರಿಪಡಿಸುತ್ತ ಪಕ್ಕದಲ್ಲಿ. ತಂದೆಯೆಲ್ಲಿ ಎಂದು ಹುಡುಕಿದರೆ ಫೋಟೋ ತೆಗೆಯುವವನಿಗೆ ದಾರಿ ಬಿಡಿಸುತ್ತಲೋ, ಸಭಾಂಗಣದ ಊಟದವರೊಡನೆ ಫೋನಿನಲ್ಲಿ ಮಾತಾಡುತ್ತಲೋ ಬಾಗಿಲ ಬಳಿ ಇರುತ್ತಾನೆ.

ಮಾತು ಇಲ್ಲಿಯವರೆಗೆ ಬಂದ ಮೇಲೆ ರಜೆಯ ವಿಷಯವನ್ನೂ ಹೇಳಿಬಿಡೋಣ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಏರಿತು, ಅದು ಸ್ತುತ್ಯರ್ಹ. ಆ ಕಾಯಿದೆಯಲ್ಲಿ ತಂದೆಯ ರಜೆಯ ಪ್ರಸ್ತಾಪವಿಲ್ಲ. ಕೇಂದ್ರ ಸರಕಾರದ ನೌಕರನಿಗೆ ಅವನ ಸೇವಾ ನಿಯಮಗಳ ಪ್ರಕಾರ 15 ದಿನಗಳ ಪಿತೃತ್ವ ರಜೆಯುಂಟು. ಖಾಸಗಿ ಉದ್ಯೋಗದಲ್ಲಿ ಅದು ಧಣಿಯ ಮನಸ್ಸಿಗೆ ಬಿಟ್ಟದ್ದು. ಹಾಗಾದರೆ ಕುಟುಂಬದ ಪಾವಿತ್ರ್ಯದ ಬಗ್ಗೆ ವರ್ಷವಿಡೀ ಪ್ರಬೋಧಿಸುವ ನಮ್ಮ ಸಂಸ್ಥೆಗಳಲ್ಲಿ ಏನಿದೆ? ಕೆಲವೆಡೆ ಉದಾರವಾಗಿ ಕೊಡುತ್ತಾರೆಂದು ಬಲ್ಲೆವು. ಆದರೆ ನಮ್ಮವರದೇ ಒಂದು ವಿದ್ಯಾಸಂಸ್ಥೆಯ ಶಿಕ್ಷಕನೊಬ್ಬ, ಮಗು ಹುಟ್ಟಿದ ಮರುದಿನ ಪರೀಕ್ಷಾ ಮೇಲ್ವಿಚಾರಣೆಗೆ ಹಾಜರಾಗಬೇಕಾಯಿತೆಂದು ನಮ್ಮಲ್ಲಿ ಹೇಳಿಕೊಂಡಿದ್ದುಂಟು. "ಹೆತ್ತದ್ದು ನೀನಲ್ಲವಲ್ಲ" ಎಂದು ಅವನಿಗೆ ಉತ್ತರ ಸಿಕ್ಕಿತ್ತಂತೆ. ಅಂಥ ಉತ್ತರ ಕೊಡುವವರು ಮಾರ್ಚ್ 19ರಂದು ಸಂತ ಜೋಸೆಫರ ಹಬ್ಬಕ್ಕೆ ಸಂಸ್ಥೆಗೆ ರಜೆ ಸಾರುವುದರಲ್ಲಿ ಏನು ಅರ್ಥವಿದೆಯೋ ನಮಗೆ ತಿಳಿಯದು. ಹದಿನೈದು ದಿನ ಕೊಟ್ಟರೆ ಯಾವ ಸಂಸ್ಥೆಯೂ ಮುಳುಗುವುದಿಲ್ಲ. ನಮ್ಮ ಧರ್ಮಕೇಂದ್ರದ ಶಾಲೆಯಲ್ಲಿ ಇದನ್ನು ಬರುವ ಶೈಕ್ಷಣಿಕ ವರ್ಷದಿಂದ ಜಾರಿಗೆ ತರಬೇಕೆಂದು ಪಾಲನಾ ಮಂಡಳಿಯ ಮುಂದೆ ಇಟ್ಟಿದ್ದೇವೆ. ಲೆಕ್ಕಪತ್ರದ ಸದಸ್ಯರು ಹುಬ್ಬು ಗಂಟಿಕ್ಕಿದ್ದಾರೆ. ಅವರಿಗೆ ನಾಲ್ಕು ಮಕ್ಕಳು.

ನಾವೇಕೆ ಇದನ್ನು ಇಷ್ಟು ಹಚ್ಚಿಕೊಂಡಿದ್ದೇವೆಂದು ಓದುಗರಿಗೆ ಅನಿಸಬಹುದು. ನಮ್ಮ ತಂದೆ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಸಂಜೆ ಆವೆಮಣ್ಣಿನ ಬಣ್ಣದ ಕಾಲುಗಳನ್ನು ಬಾವಿಕಟ್ಟೆಯಲ್ಲಿ ತೊಳೆದು ಒಳಗೆ ಬಂದರೆ ಮನೆ ನಿಶ್ಶಬ್ದವಾಗುತ್ತಿತ್ತು. ಕೆಟ್ಟವರಲ್ಲ, ಕುಡಿಯುತ್ತಿರಲಿಲ್ಲ, ಕೈ ಮಾಡಿದವರೂ ಅಲ್ಲ. ಮಕ್ಕಳನ್ನು ಎತ್ತಿಕೊಳ್ಳುವುದು ಆ ಕಾಲದ ಗಂಡಸರಿಗೆ ಸಲ್ಲುವ ಕೆಲಸವಾಗಿರಲಿಲ್ಲ, ಅಷ್ಟೇ. ನಮ್ಮ ಗುರುದೀಕ್ಷೆಯ ದಿನ, ಹೊಸದಾಗಿ ಅಭಿಷೇಕವಾದ ಅಂಗೈಗಳಿಗೆ ಮುತ್ತಿಡುವ ವಾಡಿಕೆಯಂತೆ ಅವರು ಸಾಲಿನಲ್ಲಿ ಬಂದು ನಮ್ಮ ಎರಡೂ ಕೈಗಳನ್ನು ಹಿಡಿದುಕೊಂಡರು. ಅವರ ಅಂಗೈ ಅಷ್ಟು ಒರಟೆಂಬುದು ನಮಗೆ ತಿಳಿದದ್ದು ಅಂದು. ನಮಗಾಗ ಇಪ್ಪತ್ತೊಂಬತ್ತು ವರ್ಷ. ಅದಕ್ಕೆ ಮೊದಲು ಅವರು ಕೈ ಹಿಡಿದದ್ದು ನಮಗೆ ನೆನಪಿಲ್ಲ. ಸಾಲು ಉದ್ದವಿತ್ತು, ಹಿಂದಿನವರು ಕಾಯುತ್ತಿದ್ದರು. ಅವರು ಬೇಗನೆ ಬಿಟ್ಟು ಮುಂದೆ ಹೋದರು.

ಕಳೆದ ಭಾನುವಾರ ಎರಡನೆಯ ಬಲಿಪೂಜೆಯ ಬಳಿಕ ಆ ತರಗತಿಯ ಮಕ್ಕಳ ಜ್ಞಾನಸ್ನಾನ ನಡೆಯಿತು. ಈ ಬಾರಿ ಮಕ್ಕಳನ್ನು ಇಗರ್ಜಿಯ ಬಾಗಿಲಿನಿಂದ ಜ್ಞಾನಸ್ನಾನದ ತೊಟ್ಟಿಯವರೆಗೆ ತಂದೆಯರೇ ಎತ್ತಿಕೊಂಡು ಬರಬೇಕು, ನೀರು ಹೊಯ್ಯುವಾಗಲೂ ಅವರೇ ಹಿಡಿದುಕೊಳ್ಳಬೇಕು ಎಂದು ಶನಿವಾರವೇ ತಿಳಿಸಿದ್ದೆವು. ಇಬ್ಬರು ಅಜ್ಜಿಯರು ಗುರುನಿವಾಸಕ್ಕೇ ಬಂದು, "ಪದ್ರಾಬ್, ಗಂಡಸರ ಕೈಯಿಂದ ಜಾರಿದರೆ?" ಎಂದು ವಿಚಾರಿಸಿದರು. ಜಾರಿದರೆ ಕೆಳಗೆ ನೀರಿದೆ ಎಂದೆವು. ಅವರಿಗೆ ನಗು ಬರಲಿಲ್ಲ.

ಕುವೈತಿನ ಇಂಜಿನಿಯರು ಮಗುವನ್ನು ಮೊಣಕೈಯ ಮೇಲೆ ಮಲಗಿಸಿಕೊಂಡು ಹುಟ್ಟುಸೂಲಗಿತ್ತಿಯಂತೆ ನಿಂತಿದ್ದನು. ಮಗು ತಣ್ಣೀರಿಗೆ ಅಳಲಿಲ್ಲ. ಆಶೀರ್ವಾದದ ಹೊತ್ತಿಗೆ ಅವನ ಹೊಸ ಕೋಟನ್ನು ಒದ್ದೆ ಮಾಡಿತು. ಬುಧವಾರ ಆತ ವಿಮಾನವೇರಿದನು. ಈಗ ಜಪಸರದ ಮೊದಲ ರಹಸ್ಯವನ್ನು ಅಲ್ಲಿಂದ ಫೋನಿನಲ್ಲಿ ಆತನೇ ನಡೆಸುತ್ತಾನೆಂದು ಅವನ ತಂದೆ ತಿಳಿಸಿದರು. ನಮ್ಮ ರಾತ್ರಿಯ ಎಂಟು ಗಂಟೆಗೆ ಅಲ್ಲಿ ಸಂಜೆ ಐದೂವರೆ. ಕೆಲಸದ ಬಸ್ಸಿನಲ್ಲಿ ಕುಳಿತು ಜಪಿಸುತ್ತಾನಂತೆ. ಮಗು ಸ್ವರ ಬರುವ ಫೋನನ್ನು ನೆಕ್ಕುತ್ತದೆಯಂತೆ.

ಅಂಗಡಿಯ ಯುವಕನ ಮಗು ಬಾಗಿಲಿನಲ್ಲಿ ಅವನ ಕೈಗೆ ಬಂದ ಕ್ಷಣದಿಂದ ಅಳತೊಡಗಿತು. ವಾಚನ ಕೇಳಿಸಲಿಲ್ಲ, ಸಂತರ ಪ್ರಾರ್ಥನಾಮಾಲೆ ಕೇಳಿಸಲಿಲ್ಲ, ನಮ್ಮ ಚಿಕ್ಕ ಪ್ರವಚನವಂತೂ ನಮಗೇ ಕೇಳಿಸಲಿಲ್ಲ. ಎರಡು ಸಲ ಅಜ್ಜಿ ಕೈ ಚಾಚಿದರು, ಒಮ್ಮೆ ಧರ್ಮಮಾತೆ ಚಾಚಿದಳು. ಅವನ ಹಣೆಯಲ್ಲಿ ಬೆವರಿತ್ತು, ಒಂದು ಕೈಯಲ್ಲಿ ಮಗುವಿನ ತಲೆ, ಇನ್ನೊಂದರಲ್ಲಿ ಒದೆಯುತ್ತಿದ್ದ ಕಾಲುಗಳು. ನಾವು ನೀರು ಹೊಯ್ದೆವು. ಅಳು ಇನ್ನಷ್ಟು ಜೋರಾಯಿತು. ಕೊನೆಯ ಆಶೀರ್ವಾದದವರೆಗೂ ಅತ್ತಿತು. ಆತ ಯಾರ ಕೈಗೂ ಕೊಡಲಿಲ್ಲ.